ಆರಿದ್ರಾ ಮಳೆಗೊಂದು ಎಣ್ಣೆ, ಶಿವರಾತ್ರಿಯ ಧೂಳಿಗೊಂದು

ಹೋದ ಭಾನುವಾರ ಬೆಳಗ್ಗೆ ನಮ್ಮಕ್ಕನ ಮಗಳು ಶಿವಮೊಗ್ಗದಿಂದ ಗಾಜನೂರಿಗೆ ಸೈಕಲ್ಲಿನಲ್ಲೇ ಬಂದಳು. ಅವಳು ಕಾಣುವ ಮುಂಚೆ ಸೈಕಲ್ಲಿನ ಸದ್ದು ಕೇಳಿತು. ಪೆಡಲ್ ತುಳಿದಾಗಲೆಲ್ಲ ಚೀಂ, ಚೀಂ. ಅಂಗಳದಲ್ಲಿ ಸೈಕಲ್ ನಿಲ್ಲಿಸಿ, ರೇನ್‌ಕೋಟ್ ಬಿಚ್ಚುತ್ತಾ, "ಮಾವ, ಮೊನ್ನೆ ತಾನೇ ಎಣ್ಣೆ ಹಾಕಿದೀನಿ. ಆದ್ರೂ ಹೀಗೆ ಕಿರುಚ್ತಿದೆ. ಸ್ವಲ್ಪ ನೋಡಿ" ಅಂದಳು.

ಬಗ್ಗಿ ಚೈನಿನ ಮೇಲೆ ಬೆರಳಾಡಿಸಿದೆ. ಬೆರಳ ತುಂಬ ಕಪ್ಪು ಮೆತ್ತಿಕೊಂಡಿತು. ಉಜ್ಜಿ ನೋಡಿದರೆ ಅದರಲ್ಲಿ ಮರಳು. ಯಾವ ಎಣ್ಣೆ ಹಾಕಿದೆ ಅಂತ ಕೇಳಿದೆ. "ತಲೆಗೆ ಹಾಕೋ ಕೊಬ್ಬರಿ ಎಣ್ಣೆ. ಜಾಸ್ತಿನೇ ಹಾಕಿದೀನಿ ಮಾವ."

ಹೊರಗೆ ಅಷ್ಟು ಜಿಡ್ಡು, ಒಳಗೆ ಒಂದು ತೊಟ್ಟೂ ಇಲ್ಲ. ಅದಕ್ಕೇ ಅದು ಕಿರುಚುತ್ತಿತ್ತು.

ಅವತ್ತು ಅವಳ ಚೈನ್ ಬಿಚ್ಚಿ ತೊಳೆದು ಎಣ್ಣೆ ಹಾಕುವಷ್ಟರಲ್ಲಿ ಮಧ್ಯಾಹ್ನ ಆಯಿತು. ಕೆಲಸ ಮಾಡುತ್ತಾ ಅವಳಿಗೆ ಹೇಳಿದ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೃಗಶಿರಾ ಮುಗಿಯುತ್ತಾ ಬಂತು, ಆರಿದ್ರಾ ಹಿಡಿಯುವ ಹೊತ್ತು. ಮಲೆನಾಡಿನಲ್ಲಿ ಸೈಕಲ್ ಇಟ್ಟವರಿಗೆ ಇದು ಬೇಕಾಗುವ ಸಮಯ.

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಂಬತ್ತು ವರ್ಷದಿಂದ ಗಾಜನೂರಿನಿಂದ ಸೈಕಲ್ಲಿನಲ್ಲೇ ಓಡಾಟ. ಹೋಗಿ ಬರಲು ಹತ್ತಿರ ಹತ್ತಿರ 30 ಕಿಲೋಮೀಟರ್. ಹಿಂದೆ ಎಂಟು ಗೇರಿರುವ ಸೈಕಲ್. ಮಳೆ ಇರಲಿ, ಬಿಸಿಲಿರಲಿ, ಚೈನ್ ಬಯಲಲ್ಲೇ ಇರುತ್ತದೆ. ಹಾಗಾಗಿ ಈ ಎಣ್ಣೆಯ ವಿಷಯ ನನಗೆ ದಿನಾ ಕಾಲಿಗೆ ಗೊತ್ತಾಗುವ ವಿಷಯ.

ಮೊದಲು ಚೈನ್ ಹೇಗಿದೆ ಅಂತ ನೋಡಬೇಕು. ನನ್ನ ಸೈಕಲ್ಲಿನ ಚೈನಿನಲ್ಲಿ 114 ಕೊಂಡಿಗಳಿವೆ. ಒಂದೊಂದು ಕೊಂಡಿಯೂ ಪಿನ್ನಿನಿಂದ ಪಿನ್ನಿಗೆ ಸರಿಯಾಗಿ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ನಮ್ಮಪ್ಪನ ಹಳೇ ಸೈಕಲ್ಲಿಗೂ ಇದೇ ಅಳತೆ. ಎರಡು ಪಟ್ಟಿ, ನಡುವೆ ಒಂದು ಪಿನ್ನು, ಪಿನ್ನಿನ ಸುತ್ತ ಉರುಳುವ ಒಂದು ರೋಲರ್. ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ಅನ್ನುವವರು 1880ರಲ್ಲಿ ಈ ರೋಲರ್ ಚೈನಿಗೆ ಪೇಟೆಂಟ್ ತೆಗೆದುಕೊಂಡರು. ಅಲ್ಲಿಂದ ಇಲ್ಲಿವರೆಗೆ ಮೂಲ ಉಪಾಯ ಬದಲಾಗಿಲ್ಲ.

ಚೈನ್ ಸವೆಯುವುದು ಹಲ್ಲಿಗೆ ತಾಗುವ ಹೊರಮೈಯಲ್ಲಿ ಅಂತ ನಾನು ತುಂಬಾ ದಿನ ತಿಳಿದಿದ್ದೆ. ಅಲ್ಲ. ಕೊಂಡಿ ಮಡಚಿ ಬಿಚ್ಚುವಾಗ ಪಿನ್ನು ಒಳಗೊಳಗೇ ತಿರುಗುತ್ತದಲ್ಲ, ಸವೆತ ಆಗುವುದು ಅಲ್ಲಿ. "ಚೈನ್ ಎಳೆದುಕೊಂಡಿದೆ" ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಕಬ್ಬಿಣ ಎಳೆದುಕೊಂಡಿರುವುದಿಲ್ಲ. ಒಂದೊಂದು ಕೀಲಿನಲ್ಲಿ 0.1 ಮಿಲಿಮೀಟರ್ ಸವೆದರೂ ಸಾಕು, 114 ಕೀಲು ಸೇರಿ ಚೈನ್ 11 ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟಾದರೆ ಆ ಚೈನಿನ ಆಯುಸ್ಸು ಮುಗಿಯಿತು ಅಂತಲೇ ಲೆಕ್ಕ.

ನಮ್ಮಜ್ಜ ಎತ್ತಿನಗಾಡಿಗೆ ಹಾಕುತ್ತಿದ್ದ ಎಣ್ಣೆಗೆ ಕೀಲೆಣ್ಣೆ ಅನ್ನುತ್ತಿದ್ದರು. ಹುಲ್ಲು ಸುಟ್ಟ ಕರಿಗೆ ಹರಳೆಣ್ಣೆ ಕಲಸಿ ಮಾಡಿದ್ದು, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೆ ನೇತುಹಾಕಿರುತ್ತಿದ್ದರು. ಆ ಹೆಸರು ನನಗೆ ಬಹಳ ಇಷ್ಟ. ಎಣ್ಣೆ ಎಲ್ಲಿಗೆ ಹೋಗಬೇಕು ಅನ್ನುವುದು ಹೆಸರಲ್ಲೇ ಇದೆ, ಕೀಲಿಗೆ. ನಮ್ಮ ಸೈಕಲ್ ಶಾಪುಗಳಲ್ಲಿ ಇನ್ನೊಂದು ಮಾತಿದೆ, ಓವರಾಯ್ಲಿಂಗ್. ಎಲ್ಲಾ ಬಿಚ್ಚಿ ತೊಳೆದು ಜೋಡಿಸುವ ಓವರ್‌ಹಾಲಿಂಗ್ ಬಾಯಿಂದ ಬಾಯಿಗೆ ಬಂದು ಹಾಗಾಗಿದೆ. ಆ ಮಾತು ಕೇಳಿ ಕೇಳಿ, ಎಣ್ಣೆ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅನ್ನುವ ಭಾವನೆ ನಮ್ಮಲ್ಲಿ ಕೂತುಬಿಟ್ಟಿದೆ ಅನ್ನಿಸುತ್ತದೆ. ಪಿನ್ನಿನ ಒಳಗಿರುವ ಎಣ್ಣೆ ಮಾತ್ರ ಕೆಲಸ ಮಾಡುತ್ತದೆ. ಪಟ್ಟಿಯ ಹೊರಗೆ ಉಳಿದ ಎಣ್ಣೆ ಧೂಳು ಹಿಡಿಯುತ್ತದೆ. ಧೂಳು, ಎಣ್ಣೆ ಸೇರಿದರೆ ಅದು ಸಾಣೆ ಹಿಡಿಯುವ ಪೇಸ್ಟ್ ಇದ್ದ ಹಾಗೆ, ಕಬ್ಬಿಣವನ್ನೇ ತಿನ್ನುತ್ತದೆ.

"ಆದ್ರೆ ಅಜ್ಜ ಹರಳೆಣ್ಣೆನೇ ಹಾಕ್ತಿದ್ರಲ್ಲ ಮಾವ? ಅವರ ಸೈಕಲ್ ಇನ್ನೂ ಓಡುತ್ತೆ" ಅಂದಳು ಹುಡುಗಿ. ಒಳ್ಳೆಯ ಪ್ರಶ್ನೆ. ಅವಳ ಅಜ್ಜ, ಅಂದರೆ ನಮ್ಮಪ್ಪ, ಪೋಸ್ಟ್‌ಮ್ಯಾನ್ ಆಗಿದ್ದರು. ಅವರ ಸೈಕಲ್ ಈಗಲೂ ಕೊಟ್ಟಿಗೆಯ ಪಕ್ಕ ಇದೆ. ವರ್ಷಕ್ಕೆ ಎರಡು ಸಲ, ಆಯುಧಪೂಜೆಗೊಂದು, ಮಳೆ ಹಿಡಿಯುವ ಮುಂಚೆ ಒಂದು, ಸೀಮೆಎಣ್ಣೆಯಲ್ಲಿ ಚೈನ್ ತೊಳೆದು ಹರಳೆಣ್ಣೆ ಬಿಡುತ್ತಿದ್ದರು. ಅಷ್ಟೇ. ಅವಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಆ ಸೈಕಲ್ಲಿಗೆ ಚೈನ್ ಪೂರ್ತಿ ಮುಚ್ಚುವ ತಗಡಿನ ಕವರ್ ಇದೆ. ಮಳೆ ಒಳಗೆ ಬರುವುದಿಲ್ಲ, ಧೂಳು ಬರುವುದಿಲ್ಲ. ಚೈನ್ ದಪ್ಪ, ಅಡ್ಡಡ್ಡ ಎಳೆಯುವ ಗೇರಿಲ್ಲ. ಕತ್ತಲಲ್ಲಿ, ತಣ್ಣಗೆ, ನೆಟ್ಟಗೆ ತಿರುಗುವ ಚೈನಿಗೆ ಹರಳೆಣ್ಣೆ ಸಾಕಾಗಿತ್ತು. ಅಪ್ಪ ಮಾಡಿದ್ದು ಅವರ ಸೈಕಲ್ಲಿಗೆ ಸರಿಯೇ. ನಮ್ಮ ಗೇರ್ ಸೈಕಲ್ಲುಗಳಿಗೆ ಆ ಕವರ್ ಇಲ್ಲ. ಕವರ್ ಮಾಡುತ್ತಿದ್ದ ಕೆಲಸವನ್ನು ಈಗ ಎಣ್ಣೆ ಮತ್ತು ಬಟ್ಟೆ ಮಾಡಬೇಕು.

(ಅಪ್ಪನ ಸೈಕಲ್ಲಿನಂಥ ಹಳೇ ಚೈನ್ ಲಾಕಿನ, ಅಂದರೆ ಚೈನಿನ ಎರಡು ತುದಿ ಸೇರಿಸುವ ಕೊಂಡಿಯ, ಬಗ್ಗೆ ಒಂದು ಮಾತು. ಅದರ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು, ಸೀಳಿರುವ ತುದಿ ಹಿಂದಕ್ಕೆ. ತಿರುಗಾಮುರುಗ ಹಾಕಿದರೆ ಯಾವುದಾದರೂ ಕಡ್ಡಿಗೋ ಕೋಲಿಗೋ ತಾಗಿ ಕಳಚಿಕೊಳ್ಳಬಹುದು.)

ಸರಿಯಾದ ಎಣ್ಣೆ ಯಾವುದು ಅನ್ನುವುದನ್ನು ನಾನು ಎರಡು ಸಲ ಪೆಟ್ಟು ತಿಂದು ಕಲಿತೆ.

ಮೊದಲನೆಯದು ಆಗುಂಬೆಯಲ್ಲಿ. ಜುಲೈ ತಿಂಗಳು. ಬೆಂಗಳೂರಿನ ಒಂದು ಅಂಗಡಿಯಲ್ಲಿ ಡ್ರೈ ಲ್ಯೂಬ್ ಅನ್ನುವ ಚೈನ್ ಎಣ್ಣೆಯ ಸಣ್ಣ ಬಾಟಲಿ ಕೊಟ್ಟಿದ್ದರು. ಚೈನ್ ಕಪ್ಪಾಗುವುದಿಲ್ಲ, ಕೈಗೆ ಅಂಟುವುದಿಲ್ಲ ಅಂದಿದ್ದರು. ಅದು ನಿಜವೇ. ತೀರ್ಥಹಳ್ಳಿಯಿಂದ ಇಬ್ಬರು ಸ್ನೇಹಿತರ ಜೊತೆ ಬೆಳಗ್ಗೆ ಆರಕ್ಕೆ ಹೊರಟೆ. ಜಡಿಮಳೆ. ಮೇಗರವಳ್ಳಿ ಬರುವಷ್ಟರಲ್ಲಿ ಚೈನ್ ಕಿರುಗುಟ್ಟಲು ಶುರುವಾಯಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಡ್ರೈ ಲ್ಯೂಬ್ ಅಂದರೆ ಬೇಗ ಆರಿಹೋಗುವ ದ್ರವದಲ್ಲಿ ಸ್ವಲ್ಪ ಮೇಣವನ್ನೋ ತೆಳು ಲೂಬ್ರಿಕೆಂಟನ್ನೋ ಕರಗಿಸಿರುವಂಥದ್ದು. ದ್ರವ ಆರಿದ ಮೇಲೆ ತೆಳ್ಳಗಿನ ಪೊರೆ ಉಳಿಯುತ್ತದೆ. ಒಣ ನೆಲದಲ್ಲಿ ಚಂದ. ಆ ಮಳೆಯಲ್ಲಿ ಎರಡೇ ಗಂಟೆಯಲ್ಲಿ ತೊಳೆದು ಹೋಗಿತ್ತು. ಘಾಟಿಯ 14 ತಿರುವು ಇಳಿದು ಸೋಮೇಶ್ವರ ಮುಟ್ಟಿ, ವಾಪಸ್ ಹತ್ತುವಾಗ ಕಾಲು ಕಲ್ಲಾಯಿತು. ಗೇರ್ ಬದಲಾಗುತ್ತಿರಲಿಲ್ಲ. ಎಷ್ಟೋ ತಿರುವುಗಳಲ್ಲಿ ಇಳಿದು ತಳ್ಳಿದೆ.

ಮೇಲೆ ಬಂದು ಚಹಾ ಕುಡಿಯುವಾಗ ಹೋಟೆಲಿನವರು ನಮ್ಮ ಮಾತು ಕೇಳಿ ಒಗ್ಗರಣೆ ಎಣ್ಣೆ ಒಂದು ಚಮಚ ಕೊಟ್ಟರು. ಅದನ್ನೇ ಕಡ್ಡಿಯಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟೆ. ಸದ್ದು ನಿಂತಿತು, ತೀರ್ಥಹಳ್ಳಿವರೆಗೆ ಬಂದೆ. ಅವರ ಉಪಕಾರ ಮರೆತಿಲ್ಲ. ಆದರೆ ಅಡುಗೆ ಎಣ್ಣೆಯನ್ನು ಆಪತ್ತಿಗೆ ಮಾತ್ರ ಹಾಕಬೇಕು. ಅಡುಗೆಮನೆಯಲ್ಲಿ ಎಣ್ಣೆ ಡಬ್ಬಿಯ ತಳ ಹೇಗೆ ಅಂಟಂಟಾಗಿ ಗಟ್ಟಿಯಾಗುತ್ತದೆ, ಚೈನಿನೊಳಗೂ ಹಾಗೇ ಆಗುತ್ತದೆ. ಅವತ್ತು ರಾತ್ರಿ ಸುಸ್ತಾಗಿ ತೊಳೆಯದೆ ಮಲಗಿದೆ. ಬೆಳಗ್ಗೆ ನೋಡಿದರೆ ಪಟ್ಟಿಗಳ ಮೇಲೆ ಕಿತ್ತಳೆ ಬಣ್ಣದ ತುಕ್ಕು.

ಎರಡನೆಯದು ಅದೇ ಪಾಠವನ್ನು ತಿರುಗಿಸಿ ಕಲಿತದ್ದು. ಮಳೆಗೆ ವೆಟ್ ಲ್ಯೂಬ್ ಬೇಕು ಅಂತ ಗೊತ್ತಾಯಿತು. ಅದು ಮಂದವಾಗಿರುತ್ತದೆ, ನೀರಿಗೆ ಸುಲಭಕ್ಕೆ ಬಿಡುವುದಿಲ್ಲ. ಮಳೆಗಾಲ ಪೂರ್ತಿ ಚೆನ್ನಾಗಿತ್ತು. ಖುಷಿಯಲ್ಲಿ ಅದನ್ನೇ ಮುಂದುವರಿಸಿದೆ. ಶಿವರಾತ್ರಿ ಹೊತ್ತಿಗೆ ಮಂಡಗದ್ದೆ ಕಡೆ ಮಣ್ಣು ರಸ್ತೆಗಳಲ್ಲಿ ಭಾನುವಾರ ಓಡಾಡುತ್ತಿದ್ದೆ. ಕೆಮ್ಮಣ್ಣಿನ ಧೂಳು ಎಣ್ಣೆಗೆ ಮೆತ್ತಿ ಚೈನ್ ಕಪ್ಪು ಹಗ್ಗದ ಹಾಗಾಯಿತು. ಸದ್ದಿರಲಿಲ್ಲ, ಅದಕ್ಕೇ ಗಮನ ಕೊಡಲಿಲ್ಲ. ಯುಗಾದಿ ಹೊತ್ತಿಗೆ ಅಳೆದರೆ ಒಂದು ಅಡಿಗೆ ಇಂಚಿನ ಎಂಟನೇ ಒಂದು ಭಾಗದಷ್ಟು ಉದ್ದವಾಗಿತ್ತು. ಹೊಸ ಚೈನ್ ಹಾಕಿದೆ. ಅದು ಸವೆದ ಹಲ್ಲುಗಳ ಮೇಲೆ ಕೂರದೆ ಜಾರಿತು. ಹಿಂದಿನ ಗೇರ್ ಸೆಟ್ ಕೂಡ ಬದಲಿಸಬೇಕಾಯಿತು. ಎರಡಕ್ಕೂ ಸೇರಿ ಎರಡು ಸಾವಿರದ ಮೇಲಾಯಿತು. ಒಂದು ಬಾಟಲಿ ಎಣ್ಣೆಗೆ ನಾನು ಕೊಟ್ಟಿದ್ದು 400.

ಅಲ್ಲಿಂದ ನಾನು ಪಂಚಾಂಗ ನೋಡಿ ಎಣ್ಣೆ ಬದಲಿಸುತ್ತೇನೆ. ಮೃಗಶಿರಾ ಮಳೆಯಿಂದ ದೀಪಾವಳಿವರೆಗೆ ವೆಟ್ ಲ್ಯೂಬ್. ದೀಪಾವಳಿ ಮುಗಿದು ಅಡಿಕೆ ಕೊಯ್ಲು ಶುರುವಾದ ಮೇಲೆ ಚೈನ್ ಚೆನ್ನಾಗಿ ತೊಳೆದು ಮೇಣದ ಲ್ಯೂಬ್. ಇದನ್ನು ರಾತ್ರಿ ಹಾಕಿ ಬೆಳಗ್ಗೆ ಹೊರಡಬೇಕು. ಒಳಗಿನ ದ್ರವ ಆರಿ ಮೇಣ ಕೂರಲು ಸಮಯ ಬೇಕು. ನಮ್ಮ ಕಡೆ ಗಾಳಿಯಲ್ಲಿ ತೇವ ಜಾಸ್ತಿ, ಹಾಗಾಗಿ ಅವಸರ ಮಾಡಬಾರದು.

ಫೆಬ್ರವರಿಯಿಂದ ಮೇವರೆಗೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಇದು ನನಗೆ ಎಲ್ಲಕ್ಕಿಂತ ಇಷ್ಟ. ಬಿಸಿ ಮೇಣದಲ್ಲಿ ಚೈನ್ ಅದ್ದುವುದು. ಮಾಮೂಲಿ ಪ್ಯಾರಾಫಿನ್ ಮೇಣ ಸಾಕು, ಬಿಳಿ ಮೇಣದಬತ್ತಿಯಾದರೂ ಆಯಿತು. ಒಂದು ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಹಳೇ ಸ್ಟೀಲ್ ಡಬ್ಬಿ ಇಟ್ಟು ಮೇಣ ಕರಗಿಸಬೇಕು. ಮೇಣವನ್ನು ನೇರವಾಗಿ ಬೆಂಕಿಯ ಮೇಲೆ ಇಡಲೇಬಾರದು, ಹೊತ್ತಿಕೊಳ್ಳುತ್ತದೆ. ಒಂದು ಚೂರೂ ಎಣ್ಣೆಯಿಲ್ಲದ ಚೈನನ್ನು ತಂತಿಗೆ ಪೋಣಿಸಿ ಇಳಿಬಿಟ್ಟರೆ ಗುಳ್ಳೆಗಳು ಬರುತ್ತವೆ. ರೋಲರ್ ಒಳಗಿನ ಗಾಳಿ ಹೊರಗೆ ಬಂದು ಮೇಣ ಒಳಗೆ ಹೋಗುವ ಗುರುತು ಅದು. ಗುಳ್ಳೆ ನಿಂತ ಮೇಲೆ ತೆಗೆದು ನೇತುಹಾಕಬೇಕು. ಆರಿದಾಗ ಚೈನ್ ಕೋಲಿನ ಹಾಗೆ ನಿಲ್ಲುತ್ತದೆ. ಒಂದೊಂದೇ ಕೊಂಡಿಯನ್ನು ಕೈಯಲ್ಲಿ ಬಗ್ಗಿಸಿ ಬಿಡಿಸಬೇಕು, ಬೆಳ್ಳಗಿನ ಪುಡಿ ಉದುರುತ್ತದೆ. ಆಮೇಲೆ ಹತ್ತು ದಿನ, ಅಂದರೆ ಸುಮಾರು 300 ಕಿಲೋಮೀಟರ್, ಚೈನ್ ಮುಟ್ಟಿದರೂ ಕೈ ಕಪ್ಪಾಗುವುದಿಲ್ಲ. ಮಂಡಿಗೆ ಬಿಳಿ ಪಂಚೆ ಉಟ್ಟು ಹೋದ ದಿನ ಅದರ ಸುಖ ಗೊತ್ತಾಗುತ್ತದೆ. ಆದರೆ ಒಂದು ಜೋರು ಮಳೆ ಬಿದ್ದರೆ ಇದು ಉಳಿಯುವುದಿಲ್ಲ. ಮಳೆಗಾಲದಲ್ಲಿ ಮೇಣ ಹಾಕಿ ಅಂತ ಯಾರಿಗೂ ಹೇಳಲಾರೆ.

ಒಂದು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಹಳೆಯದನ್ನು ಪೂರ್ತಿ ತೆಗೆಯಲೇಬೇಕು. ಎಣ್ಣೆಯಿರುವ ಚೈನಿಗೆ ಮೇಣ ಹಿಡಿಯುವುದಿಲ್ಲ.

ಜನ ಹಾಕುವ ಉಳಿದವುಗಳ ಬಗ್ಗೆ. ಕೊಬ್ಬರಿ ಎಣ್ಣೆ ತೆಳು, ಮಳೆಗೆ ನಿಲ್ಲುವುದಿಲ್ಲ. ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟುತ್ತದಲ್ಲ, ಚೈನಿನಲ್ಲೂ ಹಾಗೇ. ಹೊಲಿಗೆ ಮಿಷನ್ ಎಣ್ಣೆ ಪಿನ್ನಿನೊಳಗೆ ಚೆನ್ನಾಗಿ ಇಳಿಯುತ್ತದೆ, ಆದರೆ ಬೇಗ ಹೋಗುತ್ತದೆ. ಬೇರೇನೂ ಇಲ್ಲದಿದ್ದರೆ ಬೇಸಿಗೆಯಲ್ಲಿ ಪರವಾಗಿಲ್ಲ, ಎರಡು ಮೂರು ದಿನಕ್ಕೊಮ್ಮೆ ಹಾಕಬೇಕು. ಗ್ರೀಸ್ ಬೇಡ. ಅಷ್ಟು ಗಟ್ಟಿಯಾದದ್ದನ್ನು ನಾವು ಹೊರಗಿನಿಂದ ಹಚ್ಚಿದರೆ ಕೀಲಿನೊಳಗೆ ಹೋಗುವುದೇ ಇಲ್ಲ. ಬೈಕಿನಿಂದ ತೆಗೆದ ಹಳೇ ಇಂಜಿನ್ ಆಯಿಲ್ ಖಂಡಿತ ಬೇಡ. ಅದರಲ್ಲಿ ಮಸಿ ಇದೆ, ಲೋಹದ ಪುಡಿ ಇದೆ. ಇನ್ನು ಡಬ್ಲ್ಯೂಡಿ-40. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನೀರನ್ನು ಹೊರದಬ್ಬಿ ತುಕ್ಕು ತಡೆಯಲು ಮಾಡಿದ್ದು. ನಲವತ್ತನೇ ಪ್ರಯತ್ನಕ್ಕೆ ಕೈಗೂಡಿದ್ದರಿಂದ ಆ ಹೆಸರು. ಮಳೆಯಲ್ಲಿ ನೆಂದ ಚೈನಿನ ನೀರು ಬಿಡಿಸಲು ಒಳ್ಳೆಯದು. ಆದರೆ ಅದು ಇದ್ದಬದ್ದ ಎಣ್ಣೆಯನ್ನೂ ಕರಗಿಸುತ್ತದೆ. ಅದನ್ನು ಹೊಡೆದು ಒರೆಸಿದ ಮೇಲೆ ನಿಜವಾದ ಎಣ್ಣೆ ಹಾಕಲೇಬೇಕು. ಅಷ್ಟಕ್ಕೇ ಬಿಟ್ಟರೆ ಮೂರನೇ ದಿನ ಕಿರುಚುತ್ತದೆ.

ಈಗ ಹುಡುಗಿಯ ಚೈನಿಗೆ ಬರೋಣ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಪೇಂಟ್ ಅಂಗಡಿಯ ಟರ್ಪೆಂಟೈನ್ ತಂದಿಟ್ಟಿದ್ದೆ. ಪೆಟ್ರೋಲ್ ಮುಟ್ಟಬೇಡಿ, ಬೆಂಕಿಯ ಭಯ. ಚೈನ್ ಲಾಕ್ ಬಿಚ್ಚಿ, ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಚೈನ್ ಹಾಕಿ, ಮುಳುಗುವಷ್ಟು ಟರ್ಪೆಂಟೈನ್ ಬಿಟ್ಟು ಕುಲುಕಿದೆವು. ಕಾಫಿ ಡಿಕಾಕ್ಷನ್ ಹಾಗಾಯಿತು. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ಇನ್ನೊಂದು ಸಲ. ಆ ಕೊಳೆಯನ್ನು ಚರಂಡಿಗೆ ಚೆಲ್ಲಬೇಡ ಅಂದೆ. ನಮ್ಮೂರಿನಲ್ಲಿ ಹರಿದದ್ದೆಲ್ಲ ತುಂಗೆಗೇ ಸೇರುತ್ತದೆ, ನಾವು ಕುಡಿಯುವುದೂ ಅದನ್ನೇ. ಬಾಟಲಿಯಲ್ಲಿ ಮುಚ್ಚಿಟ್ಟರೆ ನಾಲ್ಕು ದಿನದಲ್ಲಿ ಕೊಳೆ ತಳಕ್ಕೆ ಕೂತು ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯನ್ನು ಮತ್ತೆ ಬಳಸುತ್ತೇನೆ.

ಆಮೇಲೆ ಪಾತ್ರೆ ತೊಳೆಯುವ ಸೋಪು. ಆಮೇಲೆ ಬಚ್ಚಲು ಹಂಡೆಯ ಕೊತಕೊತ ನೀರು. ಇದು ಮಳೆಗಾಲಕ್ಕೆ ನಾನು ಕಂಡುಕೊಂಡ ದಾರಿ. ಬಿಸಿಲಿಲ್ಲದ ದಿನ ಚೈನ್ ಒಣಗುವುದೇ ದೊಡ್ಡ ಕಷ್ಟ. ತಣ್ಣೀರಿನಲ್ಲಿ ತೊಳೆದರೆ ಪಿನ್ನಿನೊಳಗೆ ನೀರು ನಿಂತು, ಮೇಲೆ ಎಣ್ಣೆ ಮುಚ್ಚಿ, ಒಳಗೇ ತುಕ್ಕು ಹಿಡಿಯುತ್ತದೆ. ಕುದಿ ನೀರಿನಲ್ಲಿ ಅದ್ದಿ ತೆಗೆದರೆ ಕಬ್ಬಿಣವೇ ಬಿಸಿಯಾಗಿ ತನ್ನ ನೀರನ್ನು ತಾನೇ ಆರಿಸಿಕೊಳ್ಳುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಬಚ್ಚಲಿನ ಬೆಚ್ಚಗಿನ ಗೂಟಕ್ಕೆ ನೇತುಹಾಕಿದೆವು. ಟರ್ಪೆಂಟೈನ್ ವಾಸನೆ ಪೂರ್ತಿ ಹೋಗುವವರೆಗೆ ಒಲೆಯ ಹತ್ತಿರ ತರಬಾರದು, ಇದು ನೆನಪಿರಲಿ.

ಹೊಸ ಚೈನಿಗೆ ಇಷ್ಟೆಲ್ಲಾ ಬೇಡ. ಕಾರ್ಖಾನೆಯಲ್ಲೇ ಒಳಗೆ ಒಳ್ಳೆಯ ಗ್ರೀಸ್ ತುಂಬಿರುತ್ತಾರೆ. ಹೊರಗಿನ ಅಂಟನ್ನು ಮಾತ್ರ ಒರೆಸಿ ಮೊದಲ ಕೆಲವು ವಾರ ಹಾಗೇ ಓಡಿಸಬಹುದು. ಮೇಣ ಹಾಕುವವರು ಮಾತ್ರ ಅದನ್ನೂ ತೊಳೆದು ತೆಗೆಯಬೇಕು.

ಚೈನ್ ಸೈಕಲ್ಲಿಗೆ ಏರಿಸಿದ ಮೇಲೆ ಎಣ್ಣೆ. ನಾನು ಮೂಗಿಗೆ ಹಾಕುವ ಡ್ರಾಪ್ಸಿನ ಖಾಲಿ ಬಾಟಲಿ ತೊಳೆದು ಅದರಲ್ಲಿ ವೆಟ್ ಲ್ಯೂಬ್ ತುಂಬಿಕೊಂಡಿದ್ದೇನೆ. ಚೈನಿನ ಕೆಳಗಿನ ಸಾಲು, ಅದರ ಮೇಲ್ಮುಖ. ಒಂದು ರೋಲರಿಗೆ ಒಂದು ತೊಟ್ಟು. ಚೈನ್ ಲಾಕಿನಿಂದ ಶುರು ಮಾಡಿ, ಅದು ಮತ್ತೆ ಬರುವವರೆಗೆ. ಗುರುತಿಲ್ಲದೆ ಶುರು ಮಾಡಿದರೆ ಎರಡೆರಡು ಸುತ್ತು ಹಾಕಿಬಿಡುತ್ತೇವೆ. ಪೂರ್ತಿ ಚೈನಿಗೆ ಹೋಗುವುದು ಒಂದು ಟೀ ಚಮಚದಷ್ಟು. ಹುಡುಗಿ "ಇಷ್ಟೇನಾ?" ಅಂದಳು. ಇಷ್ಟೇ. ಪೆಡಲ್ ಹಿಂದಕ್ಕೆ ಮೂವತ್ತು ಸುತ್ತು ತಿರುಗಿಸಿ, ಹತ್ತು ನಿಮಿಷ ಬಿಟ್ಟೆವು. ಒಳಗಿಳಿಯಲಿ ಅಂತ. ರಿಮ್ಮಿಗೋ ಡಿಸ್ಕಿಗೋ ಒಂದು ಹನಿಯೂ ತಾಗದ ಹಾಗೆ ಹಿಂದಿನ ಚಕ್ರಕ್ಕೆ ಹಳೇ ಪೇಪರ್ ಅಡ್ಡ ಇಟ್ಟಿದ್ದೆ. ಬ್ರೇಕಿಗೆ ಎಣ್ಣೆ ತಾಗಿದರೆ ಇಳಿಜಾರಿನಲ್ಲಿ ಜೀವಕ್ಕೇ ಅಪಾಯ.

ಇನ್ನು ಒರೆಸುವುದು. ಹಳೇ ಬನಿಯನ್ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಇರಬೇಕು. ಬಟ್ಟೆಯ ಜಾಗ ಬದಲಿಸಿ ಮತ್ತೆ. ಮತ್ತೆ. ಹಾಕಿದ ಎಣ್ಣೆಯನ್ನೆಲ್ಲ ತೆಗೆದುಬಿಟ್ಟೆನೇನೋ ಅನ್ನಿಸುವವರೆಗೆ. ಬೆರಳಿಟ್ಟರೆ ತೆಳ್ಳಗೆ ಹೊಳಪು ತಾಗಬೇಕು, ಹನಿ ಅಂಟಬಾರದು. ಎಣ್ಣೆ ಹಾಕಲು ಐದು ನಿಮಿಷ ಹಿಡಿದರೆ ಒರೆಸಲು ನಾನು ಹತ್ತು ನಿಮಿಷ ಕೊಡುತ್ತೇನೆ. ಮಳೆಯಲ್ಲಿ ನೆಂದು ಬಂದ ದಿನ ಊಟಕ್ಕೆ ಕೂರುವ ಮುಂಚೆ ಇದೊಂದು ಕೆಲಸ. ಒರೆಸಿ, ಆರಲು ಬಿಟ್ಟು, ಮಲಗುವ ಮುಂಚೆ ಮತ್ತೆ ತೊಟ್ಟು ಎಣ್ಣೆ.

ಕೊನೆಗೆ ಸ್ಟೀಲ್ ಸ್ಕೇಲ್ ಇಟ್ಟು ಅವಳ ಕೈಯಲ್ಲೇ ಅಳೆಸಿದೆ. ಚೈನ್ ಬಿಗಿಯಾಗಿರಬೇಕು. ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟರೆ, 24ನೇ ಕೊಂಡಿಯ ಪಿನ್ನು ಸರಿಯಾಗಿ 12 ಇಂಚಿಗೆ ಬರಬೇಕು. ಒಂದು ಇಂಚಿನ ಹದಿನಾರನೇ ಒಂದು ಭಾಗ ದಾಟಿದರೆ ಚೈನ್ ಬದಲಿಸಬೇಕು. ಎಂಟನೇ ಒಂದು ಭಾಗ ದಾಟಿದರೆ ಗೇರ್ ಸೆಟ್ಟೂ ಹೋಗಿರುತ್ತದೆ. ಅವಳದು ಹದಿನಾರನೇ ಒಂದಕ್ಕೆ ಇನ್ನೂ ಕೂದಲೆಳೆಯಷ್ಟು ಬಾಕಿ ಇತ್ತು. ಈ ಮಳೆಗಾಲ ಕಳೆಯಬಹುದು, ದೀಪಾವಳಿಗೆ ಹೊಸದು ಹಾಕೋಣ ಅಂದೆ.

ಊಟ ಮಾಡಿ ಹೊರಟಳು. ಮಳೆ ಸ್ವಲ್ಪ ಹೊಳವಾಗಿತ್ತು. ಅಂಗಳದಲ್ಲಿ ಒಂದು ಸುತ್ತು ಹೊಡೆದು, ಕಿವಿ ಕೊಟ್ಟು ಕೇಳಿ, "ಸದ್ದೇ ಇಲ್ಲ ಮಾವ" ಅಂತ ನಕ್ಕಳು. ಎಣ್ಣೆಯ ಡ್ರಾಪ್ಸ್ ಬಾಟಲಿಯನ್ನು ಜೋಪಾನವಾಗಿ ಬ್ಯಾಗಿಗೆ ಹಾಕಿಕೊಂಡಳು. ಕತ್ತರಿಸಿಟ್ಟಿದ್ದ ಬನಿಯನ್ ತುಂಡುಗಳನ್ನು ಜಗಲಿಯ ಮೇಲೇ ಬಿಟ್ಟಿದ್ದಳು. ಗೇಟಿನ ಹತ್ತಿರ ಕೂಗಿ ನಿಲ್ಲಿಸಿ, ಓಡಿಹೋಗಿ ಕೊಟ್ಟು ಬಂದೆ.